ಗಾಜಿನೊಳಗೆ ಕುದಿದ ಕಡಲು

ಉಪ್ಪಳ

ನಮ್ಮ ಉಪ್ಪಳದಲ್ಲಿ ಮನೆಯಿಂದ ಹೊರಟವನು ಯಾರಿಗೂ ಉತ್ತರ ಕೊಡದೆ ರೈಲ್ವೆ ಸ್ಟೇಷನ್ ಮುಟ್ಟಿದ್ದನ್ನು ನಾನು ಕಂಡಿಲ್ಲ. ಗದ್ದೆಯ ಬದುವಿನಲ್ಲಿ, ನಮ್ಮ ಮಾತಿನ ಹುಣಿಯಲ್ಲಿ, ಒಬ್ಬ ಕೇಳುತ್ತಾನೆ, ಗೂಡಂಗಡಿಯಲ್ಲಿ ಇನ್ನೊಬ್ಬ ಕೇಳುತ್ತಾನೆ. ರೈಲ್ವೆ ಗೇಟು ಹಾಕುವವನಂತೂ ಕೇಳಿ, ಉತ್ತರ ಸಮಾಧಾನವಾಗದಿದ್ದರೆ ತಡೆದು ನಿಲ್ಲಿಸಿ ಮತ್ತೊಮ್ಮೆ ಕೇಳುತ್ತಾನೆ. ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಪ್ರಶ್ನೆ ಮಾತ್ರ ಅದೇ: ಎಲ್ಲಿಗೆ? ಎಂತಕ್ಕೆ? ಯಾವಾಗ ಬರುದು?

ನಾನು ವಿಲಾಯತಿಗೆ ಹೊರಟ ದಿನ ಉತ್ತರ ಕೊಟ್ಟೂ ಕೊಟ್ಟೂ ನನ್ನ ಬಾಯಿ ಒಣಗಿತ್ತು. ಮಂಗಳೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಇಂಗ್ಲೆಂಡಿನಲ್ಲಿ ಒಂದು ಶಾಲಾವರ್ಷ ಕೆಲಸ ಮಾಡುವ ಅವಕಾಶ ಸಿಕ್ಕಿದೆ ಎಂದರೆ ಯಾರಿಗೂ ಸಾಲದು. ಅಲ್ಲಿ ಎಂತ ಕೆಲಸ ಎಂದು ಗೊತ್ತಾಗಲೇಬೇಕು. ಜೊತೆಯಲ್ಲಿ ಬಂದಿದ್ದ ಸಂಕಪ್ಪ ಮಾವ ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದರು. ಇವರು ನನ್ನ ಹೆಂಡತಿ ಸುಮತಿಯ ಸೋದರಮಾವ, ಅವಳ ತಾಯಿಮನೆಯ ಯಜಮಾನರು.

"ಭೂಮಿಯಲ್ಲಿ ಮೊದಲು ಜೀವ ಹೇಗೆ ಬಂತು ಅಂತ ನೋಡ್ಲಿಕ್ಕೆ ಹೋಗುದು. ಗಾಜಿನ ಪಾತ್ರೆಯಲ್ಲಿ ನೀರು ಕುದಿಸುದಂತೆ. ಆವಿ ಕೊಳವೆಯಲ್ಲಿ ಮೇಲೆ ಹೋಗಿ, ತಣ್ಣಗಾಗಿ ತಿರುಗಿ ಕೆಳಗೆ ಬೀಳುದಂತೆ."

"ಅದು ಕಳ್ಳಭಟ್ಟಿ ಅಲ್ವಾ ಮಾರಾಯ್ರೆ?" ಎಂದ ಗೇಟಿನವನು. "ಅದನ್ನು ನೋಡ್ಲಿಕ್ಕೆ ಕಡಲು ದಾಟ್ಬೇಕಾ? ಮಾಷ್ಟ್ರು ನನ್ನ ಹತ್ರ ಹೇಳಿದ್ರೆ ಇಲ್ಲೇ ಗುಡ್ಡೆಯ ಆಚೆ ತೋರಿಸ್ತಿದ್ದೆ."

ಪಾನನಿರೋಧದ ಕಾಲ. ಸ್ಟೇಷನ್ನಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮನೆಯಲ್ಲಿ ಬಿಟ್ಟು ಬಂದ ಮಾತು ಮನಸ್ಸಿನಲ್ಲಿ ಹಾಗೆಯೇ ಇತ್ತು.

ಸುಮತಿ ಮೂರು ಸಲ ಬಸಿರಾಗಿ ಮೂರು ಸಲವೂ ಅದು ಉಳಿದಿರಲಿಲ್ಲ. ನಮ್ಮದು ಅಳಿಯಸಂತಾನ, ಮನೆ ಮುಂದುವರಿಯುವುದು ಹೆಣ್ಣುಮಗಳ ಮಕ್ಕಳಿಂದ. ಉಪ್ಪಳದ ಪಕ್ಕದ ಮಂಗಲ್ಪಾಡಿಯ ಆ ಮನೆಯಲ್ಲಿ ಉಳಿದಿದ್ದ ಹೆಣ್ಣು ಸುಮತಿ ಒಬ್ಬಳೇ. ನಾಗನಿಗೆ ತಂಬಿಲದ ಪೂಜೆ ಕೊಟ್ಟದ್ದಾಯಿತು, ಮಂಗಳೂರಿನ ಡಾಕ್ಟರಿಗೆ ತೋರಿಸಿದ್ದಾಯಿತು. ಕಾರಣ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಅದು ಊರಿಗೆ ಒಪ್ಪಿಗೆಯಾಗುವ ಉತ್ತರವೇ ಅಲ್ಲ. ಬಾವಿಕಟ್ಟೆಯಲ್ಲಿ, ಮದುವೆಮನೆಯಲ್ಲಿ, ಮೀನಿನವಳ ಬುಟ್ಟಿಯ ಎದುರಿನಲ್ಲಿ, "ವಿಶೇಷ ಉಂಟಾ ಸುಮತಿ?" ಎಂದು ಕೇಳದ ಹೆಂಗಸಿಲ್ಲ. ಕೊನೆಕೊನೆಗೆ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು.

ನಾನು ಹೋಗುವ ಕೆಲಸ ಏನೆಂದು ಅವಳಿಗೆ ಬಿಡಿಸಿ ಹೇಳಿದ್ದೆ. ಅವಳು ಪೂರ್ತಿ ಕೇಳಿದಳು. ಹೊರಡುವ ಬೆಳಿಗ್ಗೆ ಚಾವಡಿಯ ಕಂಬ ಹಿಡಿದು ನಿಂತು ಹೇಳಿದಳು: "ಎಂತದೂ ಇಲ್ಲದಲ್ಲಿ ಮೊದಲ ಸಲ ಜೀವ ಹೇಗೆ ನಿಂತಿತು ಅಂತ ಸರಿಯಾಗಿ ನೋಡಿಕೊಂಡು ಬನ್ನಿ. ಬಂದು ನನಗೆ ಹೇಳ್ಬೇಕು. ಬೇರೆ ಎಂತದೂ ತರುದು ಬೇಡ."

"ಅದು ಬೇರೆ ವಿಷಯ, ಇದು ಬೇರೆ ವಿಷಯ, ಸುಮತಿ."

"ಎಂತ ಬೇರೆ?" ಎಂದಳು. ರೈಲಿಗೆ ಹೊತ್ತಾಯಿತು ಎಂದು ಹೇಳಿ ನಾನು ಮೆಟ್ಟಿಲು ಇಳಿದೆ.

ಹಡಗು

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಕಡಲು ಎಂತ ಮಾಡೀತು ಎಂಬ ಜಂಬ ಬೊಂಬಾಯಿ ಕಣ್ಮರೆಯಾಗುವ ಮೊದಲೇ ಇಳಿಯಿತು. ವಾಂತಿ ಮಾಡಿ ಮಾಡಿ ಕರುಳು ಬಾಯಿಗೆ ಬಂತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಕಟಕಟೆಗೆ ಒರಗಿ ನೀರನ್ನೇ ನೋಡುತ್ತಿದ್ದೆ. ಈ ನೀರಿನಲ್ಲಿ ಒಂದು ಮೀನೂ ಇಲ್ಲದ, ಒಂದು ಪಾಚಿಯೂ ಇಲ್ಲದ ಕಾಲ ಒಂದಿತ್ತು. ದಂಡೆಯಲ್ಲಿ ಹುಲ್ಲಿಲ್ಲ, ಉಸಿರಾಡುವ ಗಾಳಿ ಇಲ್ಲ. ಬಿಸಿ ಕಡಲು, ಮೇಲೆ ಜ್ವಾಲಾಮುಖಿಗಳ, ಆ ಉರಿಯುವ ಗುಡ್ಡಗಳ ಹೊಗೆ, ಎಡೆಬಿಡದೆ ಮಿಂಚು. ಕಾಣಲು ಯಾರೂ ಇರಲಿಲ್ಲ. ಆ ಹಾಳು ನೀರಿನಲ್ಲಿ ಎಲ್ಲೋ ಏನೋ ಒಂದು ಕೂಡಿಕೊಂಡಿತು, ಬಿಟ್ಟುಹೋಗದೆ ನಿಂತಿತು. ಸುಮತಿ ಕೇಳಿದ್ದು ಅದನ್ನೇ.

ಊಟದ ಮೇಜಿನಲ್ಲಿ ನನ್ನ ಎದುರು ಕೂರುತ್ತಿದ್ದ ಬಿಳಿಯ ಮುದುಕರೊಬ್ಬರು ಬೊಂಬಾಯಿಯಿಂದ ಕೊನೆಯ ಬಂದರಿನವರೆಗೂ ನನ್ನ ಹೆಸರು ಕೇಳಲಿಲ್ಲ. ಉಪ್ಪಿನ ಡಬ್ಬಿ ದಾಟಿಸಿದಾಗ ಥ್ಯಾಂಕ್ಸ್ ಹೇಳಿದರು, ಅಷ್ಟೇ. ನಮ್ಮಲ್ಲಿ ಉಪ್ಪಳದಿಂದ ಮಂಜೇಶ್ವರಕ್ಕೆ ಹೋಗುವಷ್ಟರಲ್ಲಿ ಎದುರಿಗೆ ಕೂತವನಿಗೆ ನಮ್ಮ ಅಜ್ಜನ ಕಾಯಿಲೆಯ ತನಕ ಗೊತ್ತಾಗಿರುತ್ತದೆ. ಇವರಿಗೆ ಇಷ್ಟು ಸೊಕ್ಕಾ ಎಂದುಕೊಂಡೆ.

ಮಿಸೆಸ್ ಡಾಸನ್ ಅವರ ಮನೆ

ಉತ್ತರ ಇಂಗ್ಲೆಂಡಿನ ಆ ನಗರದಲ್ಲಿ ಮನೆಗಳ ಗೋಡೆ ಹೊಗೆ ತಿಂದು ಕಪ್ಪಾಗಿತ್ತು. ಯುದ್ಧಕಾಲದ ರೇಶನ್ ಆಗಷ್ಟೇ ಮುಗಿದಿತ್ತು. ನಾನು ಕೋಣೆ ಹಿಡಿದ ಮನೆಯ ಯಜಮಾನಿ ಮಿಸೆಸ್ ಡಾಸನ್ ಎಂಬ ವಿಧವೆ ಬೆಣ್ಣೆಯನ್ನು ಈಗಲೂ ಬ್ರೆಡ್ಡಿನ ಮೇಲೆ ಹಚ್ಚಿ ಅರ್ಧವನ್ನು ಕೆರೆದು ತೆಗೆಯುತ್ತಿದ್ದರು. ದಿನಾ ಮೀಯುತ್ತೇನೆ ಎಂದಾಗ ನನಗೇನೋ ಚರ್ಮದ ಕಾಯಿಲೆ ಇರಬೇಕೆಂದು ಅವರ ಮುಖದಲ್ಲಿ ಕಾಣಿಸಿತು. ಕೇಳಲಿಲ್ಲ. "ಇವತ್ತು ಸ್ವಲ್ಪ ಮಂಜು ಹೆಚ್ಚು, ಅಲ್ಲವೇ?" ಎಂದರು.

ಮೊದಲ ವಾರ ನಾನು ಒಂದು ದೊಡ್ಡ ಪೆಟ್ಟು ತಿಂದೆ. ಬಸ್ಸಿನಲ್ಲಿ ಪಕ್ಕ ಕೂತ ಸೌಮ್ಯ ಮುಖದವರೊಬ್ಬರ ಹತ್ತಿರ, ಮಾತಿಗೆ ಮೊದಲಾಗಲಿ ಎಂದು, ಮಕ್ಕಳೆಷ್ಟು ಎಂದು ಕೇಳಿದೆ. ಅವರು ಕೆಂಪಾಗಿ, ಟೋಪಿ ಎತ್ತಿ ಕ್ಷಮೆ ಕೇಳಿ, ಎದ್ದು ಹಿಂದಿನ ಸೀಟಿಗೆ ಹೋದರು. ತಪ್ಪು ನನ್ನದು, ಕ್ಷಮೆ ಕೇಳಿದವರು ಅವರು! ಆಮೇಲೆ ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಮಿಸೆಸ್ ಡಾಸನ್ ಅವರ ಬೆಂಕಿಗೂಡಿನ ಮೇಲೆ ಒಂದು ಪಟ ಇತ್ತು. ಸಿಪಾಯಿ ಟೋಪಿ ಹಾಕಿ ನಗುವ ತರುಣ. ಊರಿನಲ್ಲಾಗಿದ್ದರೆ ಚಪ್ಪಲಿ ಬಿಡುವ ಮೊದಲೇ ಕೇಳಿಬಿಡುತ್ತಿದ್ದೆ. ಇಲ್ಲಿ ದಿನಾ ಅದರ ಎದುರು ಕೂತು ಚಹಾ ಕುಡಿದೆ, ಮಂಜಿನ ವಿಷಯ ಮಾತಾಡಿದೆ.

ನಿಜ ಹೇಳಬೇಕೆಂದರೆ, ಬರಬರುತ್ತ ನನಗೆ ಅದು ಹಿತವಾಯಿತು. ಯಾರೂ ನನ್ನ ಹತ್ತಿರ ಮಕ್ಕಳುಂಟಾ ಎಂದು ಕೇಳುವುದಿಲ್ಲ. ಸುಮತಿಯನ್ನು ಇಲ್ಲಿಗೆ ಕರೆತಂದರೆ ಅವಳು ತಲೆ ಎತ್ತಿ ಬೀದಿಯಲ್ಲಿ ನಡೆದಾಳು ಎಂದು ಎಷ್ಟೋ ಸಲ ಅನ್ನಿಸಿತು. ಇಡೀ ನಗರವೇ ಅವಳಿಗೆಂದು ಬಾಯಿ ಮುಚ್ಚಿಕೊಂಡು ಕೂತಿದೆ ಎಂಬಂತಿತ್ತು.

ಪ್ರಯೋಗಾಲಯ

ಗೇಟಿನವನು ಹೇಳಿದ್ದು ಸುಳ್ಳಲ್ಲ. ಭಟ್ಟಿಯೇ. ಕೆಳಗೆ ಒಂದು ಗಾಜಿನ ಬುರುಡೆಯಲ್ಲಿ ನೀರು ಕುದಿಯುತ್ತದೆ, ಅದು ಕಡಲು. ಮೇಲೆ ಇನ್ನೊಂದು ದೊಡ್ಡ ಬುರುಡೆಯಲ್ಲಿ ಅನಿಲಗಳು, ಅದು ಆಕಾಶ. ಅದರೊಳಗೆ ಎರಡು ತಂತಿಗಳ ನಡುವೆ ಚಟಚಟ ಎಂದು ವಿದ್ಯುತ್ ಕಿಡಿ, ಅದು ಮಿಂಚು. ಆಮೇಲೆ ತಣ್ಣೀರು ಸುತ್ತಿದ ಕೊಳವೆಯಲ್ಲಿ ಆವಿ ಮಳೆಯಾಗಿ ಇಳಿದು ತಿರುಗಿ ಕಡಲಿಗೆ ಸೇರುತ್ತದೆ. ಹಿಂದಿನ ವರ್ಷ ಅಮೆರಿಕದಲ್ಲಿ ಮೀಥೇನ್, ಅಮೋನಿಯಾ, ಜಲಜನಕ ತುಂಬಿಸಿ ಹೀಗೆ ಕುದಿಸಿದಾಗ ನೀರು ಬಣ್ಣ ತಿರುಗಿ, ಅದರಲ್ಲಿ ಅಮೈನೋ ಆಮ್ಲಗಳು ಸಿಕ್ಕಿದ್ದವು. ಮೀನಿನ ಮಾಂಸವಾಗಲಿ, ನಮ್ಮ ಉಗುರಾಗಲಿ, ಹೊಟ್ಟೆಯೊಳಗಿನ ಕೂಸಾಗಲಿ ಕಟ್ಟಿಕೊಳ್ಳುವುದು ಈ ಆಮ್ಲಗಳಿಂದಲೇ. ಮನೆಯ ಗೋಡೆಗೆ ಮುರಕಲ್ಲು ಇದ್ದ ಹಾಗೆ. ಕಲ್ಲು ಸಿಕ್ಕಿತೆಂದ ಮಾತ್ರಕ್ಕೆ ಮನೆ ಆಗುವುದಿಲ್ಲ, ಆದರೆ ಕಲ್ಲೇ ಇಲ್ಲದಿದ್ದರೆ ಮಾತೇ ಇಲ್ಲ.

ನಮ್ಮ ಪ್ರೊಫೆಸರರಿಗೆ ಒಂದು ಅನುಮಾನ. ಆ ಕಾಲದ ಗಾಳಿ ನಿಜವಾಗಿಯೂ ಹಾಗಿತ್ತೇ? ಉರಿಯುವ ಗುಡ್ಡಗಳು ಇಂದು ಉಗುಳುವುದು ಹೆಚ್ಚಾಗಿ ಹಬೆ, ಇಂಗಾಲಾಮ್ಲ ಅನಿಲ, ಸಾರಜನಕ. ಅಂದೂ ಅದೇ ಆಗಿದ್ದರೆ? "ಆ ಗಾಳಿಯನ್ನು ಮೂಸಿ ನೋಡಿದವರು ಯಾರೂ ಬದುಕಿಲ್ಲ," ಎಂದರು. ಅವರ ನಗೆಚಾಟಿಕೆಯೇ ಹಾಗೆ, ಒಣಕಲು. ಅವರು ಹೇಳಿದ ಆ ಬಡ ಗಾಳಿಯಿಂದಲೂ ಕಲ್ಲು ಸಿಗುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ.

ನೋಡುವ ಕ್ರಮ ಹೀಗೆ. ಶಾಯಿ ಹೀರುವ ಒತ್ತುಕಾಗದದಂಥ ದಪ್ಪ ಕಾಗದದ ಬುಡದಲ್ಲಿ ಬುರುಡೆಯ ನೀರಿನ ಒಂದು ತೊಟ್ಟು ಹಾಕಿ ಒಣಗಿಸಿ, ಕಾಗದದ ಅಂಚನ್ನು ಒಂದು ದ್ರಾವಣದಲ್ಲಿ ಅದ್ದಿ ನಿಲ್ಲಿಸಬೇಕು. ದ್ರಾವಣ ಮೆಲ್ಲಗೆ ಮೇಲೇರುತ್ತ ತೊಟ್ಟಿನಲ್ಲಿರುವ ಒಂದೊಂದು ವಸ್ತುವನ್ನು ಒಂದೊಂದು ಎತ್ತರಕ್ಕೆ ಒಯ್ದು ಬಿಡುತ್ತದೆ. ಆಮೇಲೆ ನಿನ್‌ಹೈಡ್ರಿನ್ ಎಂಬ ಔಷಧ ಸಿಂಪಡಿಸಿ ಬಿಸಿ ಮಾಡಿದರೆ, ಅಮೈನೋ ಆಮ್ಲ ಇದ್ದಲ್ಲಿ ನೇರಳೆ ಚುಕ್ಕೆ ಮೂಡುತ್ತದೆ. ಇಲ್ಲದಿದ್ದರೆ ಕಾಗದ ಬಿಳಿಯಾಗಿಯೇ ಉಳಿಯುತ್ತದೆ.

ನನ್ನ ಪಕ್ಕದ ಮೇಜು ಮಿಸ್ ಬ್ರೂಕ್ ಎಂಬ ತರುಣಿಯದ್ದು. ಅವಳು ಬೇರೆ ಕೆಲಸದಲ್ಲಿದ್ದಳು. ನೆಟ್ಟಗೆ ಗುಡ್ ಮಾರ್ನಿಂಗ್ ಹೇಳಿ ತನ್ನ ಪಾಡಿಗೆ ತಾನಿರುವ ಹುಡುಗಿ.

ನೇರಳೆ ಚುಕ್ಕೆ

ಚಳಿ ಜೋರಾದಾಗ ಸುಮತಿಯ ಪತ್ರ ಬಂತು. ಅವಳು ಬಸಿರಿ. ನಾನು ಹೊರಡುವಾಗಲೇ ಆಗಿತ್ತಂತೆ, ಅವಳಿಗೇ ಗೊತ್ತಿರಲಿಲ್ಲ. ಹಿಂದಿನ ಮೂರು ಸಲ ಬಸಿರು ಹೋದ ತಿಂಗಳು ದಾಟಿದೆ ಎಂದು ಬರೆದಿದ್ದಳು. ನಾನು ಪತ್ರ ಹಿಡಿದುಕೊಂಡು ಹಿಮದಲ್ಲಿ ಒಂದು ಸುತ್ತು ಓಡಿಬಂದೆ. ಮಿಸೆಸ್ ಡಾಸನ್ ಕಿಟಕಿಯಿಂದ ನೋಡಿದರು. "ವ್ಯಾಯಾಮ ಒಳ್ಳೆಯದು," ಎಂದರು. ತಡೆಯಲಾರದೆ ನಾನೇ ಹೇಳಿದೆ. ಅವರು ನನ್ನ ಕೈ ಒಮ್ಮೆ ಹಿಡಿದು, ಬಿಟ್ಟು, ಅಡುಗೆಮನೆಗೆ ಹೋದರು.

ಬುರುಡೆಗಳನ್ನು ಜೋಡಿಸಿ ಮುಗಿದು ಕಾಗದದ ಪರೀಕ್ಷೆ ಮೊದಲಾದದ್ದು ಅದೇ ವಾರ. ಮೊದಲ ಕಾಗದದಲ್ಲಿಯೇ ಚುಕ್ಕೆ ಬಂತು. ಒಂದಲ್ಲ, ಒಂದರ ಮೇಲೊಂದು ಮೂರು. ತೆಳು ನೇರಳೆ. ಗ್ಲೈಸಿನ್, ಅಲನಿನ್, ಸೆರಿನ್ ಎಲ್ಲಿ ನಿಲ್ಲಬೇಕೋ ಅಲ್ಲಲ್ಲೇ ನಿಂತಿದ್ದವು. ಮಾರನೆಯ ದಿನವೂ ಬಂತು. ಅದರ ಮರುದಿನವೂ ಬಂತು. ಬಡ ಗಾಳಿಯಿಂದ, ಬರೀ ನೀರಿನಿಂದ! ಪ್ರೊಫೆಸರರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಆಸಕ್ತಿಕರ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ನಾನು ಕಾಯಬೇಕಿತ್ತು. ಕಾಯಲಿಲ್ಲ. ಆ ರಾತ್ರಿಯೇ ಸುಮತಿಗೆ ಬರೆದೆ: ಸಿಕ್ಕಿತು. ಎಂತದೂ ಇಲ್ಲದಲ್ಲಿ ಬಂದು ನಿಂತಿತು. ನಿನ್ನಲ್ಲಿಯೂ ನಿಂತಿದೆ, ಹೆದರಬೇಡ. ಸಂಕಪ್ಪ ಮಾವನ ಮರುಪತ್ರ ಬಂದಾಗ ಉಪ್ಪಳಕ್ಕೆಲ್ಲ ಸುದ್ದಿ ಹಬ್ಬಿತ್ತು. ಮಾಷ್ಟ್ರು ಜೀವದ ಬೇರು ಹಿಡಿದರು ಎಂದು ಗೇಟಿನವನು ರೈಲು ಇಳಿದವರಿಗೆಲ್ಲ ಹೇಳುತ್ತಿದ್ದನಂತೆ. ಸುಮತಿ ನನ್ನ ಪತ್ರವನ್ನು ದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದಾಳೆ ಎಂದೂ ಬರೆದಿದ್ದರು.

ಬರೀ ನೀರು

"ಈಗ ಏನೂ ಇಲ್ಲದ ಕಾಗದವೊಂದನ್ನು ನೋಡೋಣ," ಎಂದರು ಪ್ರೊಫೆಸರರು. ಬುರುಡೆಯಿಂದ ಒಂದು ತೊಟ್ಟೂ ಬೇಡ, ಬಟ್ಟಿ ಇಳಿಸಿದ ಶುದ್ಧ ನೀರು ಮಾತ್ರ ಹಾಕು, ಕಾಗದ ಬಿಳಿಯಾಗಿ ಉಳಿಯುತ್ತದೆ, ಆಗ ನಮ್ಮ ಚುಕ್ಕೆಗಳನ್ನು ನಂಬಬಹುದು. ಇದು ಎಲ್ಲರೂ ಮಾಡುವ ಕ್ರಮ. ನನಗೆ ಭಯವೇ ಇರಲಿಲ್ಲ.

ಬಿಸಿ ತಟ್ಟುತ್ತಲೇ ಆ ಕಾಗದದಲ್ಲಿಯೂ ಮೂರು ಚುಕ್ಕೆ ಮೂಡಿತು. ಅವೇ ಮೂರು, ಅಲ್ಲಲ್ಲೇ.

ಅಲ್ಲಿಂದ ನನ್ನ ನರಕ ಶುರು. ನೀರು ಕೆಟ್ಟಿದೆಯೆಂದು ನೀರು ಬದಲಿಸಿದೆ. ದ್ರಾವಣ ಬದಲಿಸಿದೆ. ಗಾಜಿನ ಜಾಡಿಗಳನ್ನು ಆಮ್ಲದಲ್ಲಿ ತೊಳೆದು ತೊಳೆದು ಕೈಯ ಚರ್ಮ ಸುಲಿಯಿತು. ಹೊಸ ಕಾಗದದ ಕಟ್ಟು ಬಿಚ್ಚಿದೆ. ಚುಕ್ಕೆ ಹೋಗಲೊಲ್ಲದು. ಮೊದಲು ಬಾರದಿದ್ದರೆ ಎಂದು ಹೆದರುತ್ತಿದ್ದವನು ಈಗ ಬಾರದಿರಲಿ ಎಂದು ನಾಗನಿಗೆ ಹರಕೆ ಹೊರುವ ಸ್ಥಿತಿಗೆ ಬಂದೆ. ಪ್ರೊಫೆಸರರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಒಂದು ಬೆಳಿಗ್ಗೆ ಹೊಸ ಕಾಗದ ಮೇಜಿನ ಮೇಲೆ ಇಟ್ಟು ಕೂತಿದ್ದಾಗ ಮಿಸ್ ಬ್ರೂಕ್ ಹತ್ತಿರ ಬಂದಳು. ಕಿವಿಯ ತುದಿ ಕೆಂಪಾಗಿತ್ತು.

"ಕ್ಷಮಿಸಿ, ಇದನ್ನು ಕೇಳುವುದು ನನ್ನ ಕೆಲಸವಲ್ಲ. ನೀವು ಪ್ರತಿ ಸಲ ಹೊಸ ಕಾಗದವನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತೀರಲ್ಲ, ಅದು ಪ್ರಾರ್ಥನೆಯೇ?"

"ಯಾವುದು?" ಎಂದೆ.

ಅವಳು ಮಾಡಿ ತೋರಿಸಿದಳು. ಬಲಗೈಯ ಬೆರಳ ತುದಿಗಳನ್ನು ಕಾಗದದ ಬುಡಕ್ಕೆ ತಾಗಿಸಿ, ಎರಡು ಕಣ್ಣಿಗೂ ಒತ್ತಿ. ನಾನು ನೋಡುತ್ತಲೇ ಇದ್ದೆ. ಅವಳ ಕೈಯಲ್ಲಿ ಅದು ಎಷ್ಟು ವಿಚಿತ್ರವಾಗಿ ಕಂಡಿತು! ಮಂಗಲ್ಪಾಡಿಯ ಶಾಲೆಯಲ್ಲಿ ಅಕ್ಷರ ಕಲಿತ ದಿನದಿಂದ ನಾನು ಯಾವ ಪುಸ್ತಕವನ್ನೂ, ಯಾವ ಕಾಗದವನ್ನೂ ಹಾಗೆ ಮಾಡದೆ ಮುಟ್ಟಿದವನಲ್ಲ. ವಿದ್ಯೆ, ಸರಸ್ವತಿ. ನನಗೆ ಅದು ಮಾಡುವ ಕೆಲಸವೇ ಆಗಿರಲಿಲ್ಲ, ಕಣ್ಣು ಮಿಟುಕಿಸಿದಷ್ಟು ಸಹಜ. ಕಾಗದವನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಮೊದಲ ದಿನವೇ ಹೇಳಿದ್ದರು. ನಾನು ಮುಟ್ಟುವುದಿಲ್ಲವೆಂದೇ ತಿಳಿದಿದ್ದೆ, ಚಿಮುಟದಲ್ಲಿಯೇ ಎತ್ತುತ್ತಿದ್ದೆ. ಆದರೆ ಎತ್ತುವ ಮೊದಲು ನಮಸ್ಕಾರ! ತೊಟ್ಟು ಹಾಕುವ ಗೆರೆಯ ಮೇಲೆಯೇ ನನ್ನ ಬೆರಳ ಬೆವರು. ಬೆವರಿನಲ್ಲಿ ಅಮೈನೋ ಆಮ್ಲ ಇದ್ದೇ ಇರುತ್ತದೆ. ದ್ರಾವಣ ಅದನ್ನು ನಿಯತ್ತಿನಿಂದ ಬಿಡಿಸಿ ಮೂರು ಚುಕ್ಕೆ ಮಾಡಿ ಕೊಡುತ್ತಿತ್ತು.

"ನಿಮಗೆ ಮೊದಲೇ ಕಂಡಿತ್ತೇ?" ಎಂದೆ.

"ಮೊದಲ ದಿನದಿಂದ. ಒಬ್ಬರ ಪ್ರಾರ್ಥನೆಯ ಬಗ್ಗೆ ಕೇಳುವುದು ಅಸಭ್ಯ ಎಂದುಕೊಂಡೆ," ಎಂದಳು ಅವಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಉಪ್ಪಳದಲ್ಲಾಗಿದ್ದರೆ ಮೊದಲ ದಿನವೇ ಗೇಟಿನವನು, "ಅದೆಂತ ಮಾಷ್ಟ್ರೆ ಕಣ್ಣಿಗೆ ಒತ್ತುದು?" ಎಂದು ಕೂಗುತ್ತಿದ್ದ. ನಾನು ಹಿತವೆಂದು ನಂಬಿದ್ದ ಆ ಮೌನ ನನ್ನನ್ನು ಮುಳುಗಿಸಿತು. ಆದರೆ ಅವಳನ್ನು ಹೇಗೆ ಬೈಯಲಿ? ಅವಳು ನನ್ನ ದೇವರಿಗೆ ಮರ್ಯಾದೆ ಕೊಟ್ಟಿದ್ದಳು.

ಅಲ್ಲಿಂದ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದೆ. ಕಿಡಿ ಚಟಗುಟ್ಟಿತು, ಕಡಲು ಕುದಿಯಿತು, ಮಳೆ ಬಿತ್ತು. ಕಾಗದ ಬಿಳಿ. ತಿರುಗಿ ಕುದಿಸಿದೆ. ಬಿಳಿ. "ಏನೂ ಸಿಗದಿರುವುದೂ ಒಂದು ಉತ್ತರವೇ," ಎಂದರು ಪ್ರೊಫೆಸರರು. ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ನಿಮಗೆ ಉತ್ತರ ಸ್ವಾಮಿ, ನಾನು ಅವಳಿಗೆ ಎಂತ ಹೇಳಲಿ? ಆ ಬಿಳಿ ಕಾಗದವನ್ನು ನೋಡುತ್ತ ಕೂತಾಗ ಭೂಮಿಯ ಮೇಲೆಯೇ ನನಗೆ ಜುಗುಪ್ಸೆ ಬಂತು. ಹೀಗೆ ಎಷ್ಟು ಕಾಲ ಕುದಿದಿರಬೇಕು ಅದು, ಎಷ್ಟು ಮಿಂಚು ವ್ಯರ್ಥವಾಗಿ ಬಿದ್ದಿರಬೇಕು, ಎಷ್ಟು ಸಲ ಏನೋ ಕೂಡಿ ಬಂದು ಬಿಟ್ಟುಹೋಗಿರಬೇಕು. ಯಾಕೆ ಎಂದು ಕೇಳಲು ಒಂದು ಪ್ರಾಣಿಯೂ ಇರಲಿಲ್ಲ.

ಸುಮತಿಗೆ ಈ ಸಂಗತಿ ಬರೆಯಲಿಲ್ಲ. ತುಂಬಿದ ಬಸಿರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು, ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೆರಿಗೆ ಆಗಲಿ, ಎದುರು ಕೂತು ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳ ಪತ್ರಗಳೂ ನಿಂತಿದ್ದವು. ಬಗ್ಗಿ ಕೂತು ಬರೆಯಲು ಕಷ್ಟವಾಗುತ್ತದೆ, ಬೇರೆ ಎಲ್ಲ ಕ್ಷೇಮ ಎಂದು ಸಂಕಪ್ಪ ಮಾವ ಬರೆದರು.

ಹೊರಡುವ ದಿನ

ಪೆಟ್ಟಿಗೆ ಕಟ್ಟುವಾಗ ಮಿಸೆಸ್ ಡಾಸನ್ ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದು ಉಣ್ಣೆಯ ಟೊಪ್ಪಿ, ನನ್ನ ಮುಷ್ಟಿಯಷ್ಟು. ಹಳದಿ ಬಣ್ಣ. ಉಪ್ಪಳದ ಸೆಕೆಗೆ ಉಣ್ಣೆಯ ಟೊಪ್ಪಿ ಹಾಕಿದರೆ ಕೂಸು ಬೆಂದುಹೋದೀತು ಎಂದು ನಗು ಬಂತು, ಎದೆ ತುಂಬಿಯೂ ಬಂತು.

ಅವರು ಕೆಳಗಿನ ಕೋಣೆಯ ಕಡೆ ತಲೆ ಆಡಿಸಿ, "ಆ ಪಟದ ಹುಡುಗ ನನ್ನ ಮಗ. ಯುದ್ಧದಿಂದ ಬರಲಿಲ್ಲ," ಎಂದರು. ಟೊಪ್ಪಿಯನ್ನು ನನ್ನ ಕೈಗೆ ಕೊಡುತ್ತ, "ನೀವು ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ," ಎಂದರು.

ಉಪಕಾರ ಸ್ಮರಣೆಯೋ ದೂರೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಏನಾದರೂ ಹೇಳಬೇಕಿತ್ತು. "ಅವನ ಹೆಸರೇನು?" ಎಂದು ಕೇಳಿದೆ. "ಪೀಟರ್," ಎಂದರು. ಆ ಹೆಸರು ಹೇಳುವಾಗ ಅವರ ಮುಖ ಅರಳಿದ್ದು ನೋಡಿ, ಬಂದ ದಿನವೇ ಕೇಳಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಮೊದಲ ಸಲ ಚುಕ್ಕೆ ಬಂದ ಕಾಗದವನ್ನು ಪ್ರೊಫೆಸರರು ಕಸದಬುಟ್ಟಿಗೆ ಹಾಕಲು ಹೇಳಿದ್ದರು. ನಾನು ಅದನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಟೊಪ್ಪಿಯ ಪಕ್ಕ ಇಟ್ಟುಕೊಂಡೆ. ಕಾಗದ ಎಸೆಯಲು ಕೈ ಬರಲಿಲ್ಲ.

ತಿರುಗಿ ಉಪ್ಪಳ

ಮಳೆ ಹಿಡಿಯುವುದಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಮಂಗಳೂರಿನಿಂದ ರೈಲು ನೇತ್ರಾವತಿ ದಾಟಿದಾಗಿನಿಂದ ನಾನು ಉತ್ತರಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಗೇಟಿನವನು ಕೇಳಿದರೆ ನಕ್ಕುಬಿಡುವುದು. ಗೂಡಂಗಡಿಯವರು ಕೇಳಿದರೆ ಆಮೇಲೆ ಹೇಳುತ್ತೇನೆ ಎನ್ನುವುದು. ಸುಮತಿಗೆ ಮಾತ್ರ ನಿಜ. ಅವಳ ಮಡಿಲಲ್ಲಿ ಕೂಸು ಇದ್ದರೆ, ಅಥವಾ ಇನ್ನೇನು ಬರುವುದರಲ್ಲಿದ್ದರೆ, ನಿಜಕ್ಕೆ ಅಷ್ಟು ನೋವಿರಲಾರದು.

ಇಳಿದೆ. ಸಂಕಪ್ಪ ಮಾವ ನಿಂತಿದ್ದರು. ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು. ಗೇಟಿನವನು ನನ್ನನ್ನು ಕಂಡ. ಕಂಡದ್ದು ನನಗೆ ಗೊತ್ತು. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಹಸಿರು ಬಾವುಟವನ್ನು ಸುತ್ತತೊಡಗಿದ. ಗೂಡಂಗಡಿಯ ಬೆಂಚಿನಲ್ಲಿದ್ದವರು ಎದ್ದು ನಿಂತು ದಾರಿ ಬಿಟ್ಟರು. ಯಾರೂ ಯಾವಾಗ ಬಂದಿರಿ ಎನ್ನಲಿಲ್ಲ. ಗದ್ದೆಯ ಹುಣಿಯಲ್ಲಿ ಎದುರಾದ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗದ್ದೆಗಿಳಿದು ಹೋದಳು. ಉಪ್ಪಳ ಬಾಯಿ ಮುಚ್ಚಿಕೊಂಡಿತ್ತು.

"ಎಂತ ಆಯ್ತು ಮಾವ?" ಎಂದು ನಾನೇ ಕೇಳಬೇಕಾಯಿತು.

ಅವರು ತಿರುಗಲಿಲ್ಲ. "ಏಳರಲ್ಲೇ ಆಯ್ತು ಮಾಷ್ಟ್ರೆ. ಹೆಣ್ಣು. ಒಂದು ಹಗಲು ಇತ್ತು. ದೂರದೇಶದಲ್ಲಿ ಒಬ್ಬರೇ ಇರುವವರಿಗೆ ಹೇಗೆ ಬರೆಯುದು? ನಾನೇ ಬೇಡ ಅಂದೆ."

ಏಳನೆಯ ತಿಂಗಳು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಬಿಳಿ ಕಾಗದ ನೋಡುತ್ತಿದ್ದ ದಿನಗಳು ಅವು. ಮಿಸೆಸ್ ಡಾಸನ್ ಟೊಪ್ಪಿ ಹೆಣೆಯುತ್ತಿದ್ದ ದಿನಗಳು. ಸುಮತಿಗೆ ನೋವಾಗಬಾರದೆಂದು ನಾನು ಮುಚ್ಚಿಟ್ಟೆ, ನನಗೆ ನೋವಾಗಬಾರದೆಂದು ಇವರು ಮುಚ್ಚಿಟ್ಟರು. ನಾನು ಅಲ್ಲಿಯೇ ಹುಣಿಯ ಮೇಲೆ ಕೂತು ಅತ್ತೆ. ಸಂಕಪ್ಪ ಮಾವ ಪೆಟ್ಟಿಗೆ ಹೊತ್ತುಕೊಂಡೇ ನಿಂತಿದ್ದರು.

ಸುಮತಿ ಚಾವಡಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎದ್ದು ಕಾಲಿಗೆ ನೀರು ತಂದಿಟ್ಟಳು. ಬಡಕಲಾಗಿದ್ದಳು. ಅಳಲಿಲ್ಲ. ನಾನು ಕೂತ ಮೇಲೆ ತಿರುಗಿ ಹುಣಸೆಯ ಎದುರು ಕೂತು, ಬೀಜ ತೆಗೆಯುತ್ತಲೇ ಕೇಳಿದಳು.

"ನಿಮಗೆ ಅಲ್ಲಿ ಸಿಕ್ಕಿತಲ್ಲ. ನೀರು, ಗಾಳಿ, ಮಿಂಚು, ಅಷ್ಟರಲ್ಲೇ ಸಿಕ್ಕಿತಲ್ಲ. ಹಾಗಾದ್ರೆ ನನ್ನಲ್ಲಿ ಎಂತ ಕಡಿಮೆ ಇತ್ತು?"

"ಸಿಗಲಿಲ್ಲ, ಸುಮತಿ."

"ಪತ್ರದಲ್ಲಿ ಬರೆದಿದ್ರಿ."

ಪೆಟ್ಟಿಗೆ ತೆರೆದು, ಟೊಪ್ಪಿಯನ್ನು ಬಟ್ಟೆಯ ಅಡಿಗೆ ಸರಿಸಿ, ಕಾಗದದ ಸುರುಳಿ ತೆಗೆದು ಅವಳ ಎದುರು ಬಿಡಿಸಿದೆ. ಮೂರು ಚುಕ್ಕೆ ಮಾಸಿ ಹೋಗಿದ್ದವು, ಆದರೂ ಕಾಣುತ್ತಿದ್ದವು. ನಮಸ್ಕಾರದ ಕಥೆ, ಬೆವರಿನ ಕಥೆ ಎಲ್ಲ ಹೇಳಿದೆ. ಇದು ಕಡಲಿನದ್ದಲ್ಲ, ನನ್ನ ಬೆರಳಿನದ್ದು ಎಂದೆ.

"ಅಲ್ಲಿಯೂ ಎಂತದೂ ಇರಲಿಲ್ವಾ?"

"ಇರಲಿಲ್ಲ."

"ಅಷ್ಟು ಕಲಿತವರೆಲ್ಲ ಇದ್ದೂ?"

"ಇದ್ದೂ."

ಅವಳ ಕೈ ನಿಂತಿತು. "ನನಗೆ ಆಗಲೇ ಬರೆಯಬಹುದಿತ್ತು ನೀವು," ಎಂದಳು. ಸ್ವರ ಒಡೆಯಿತು. "ಗಾಜಿನ ಪಾತ್ರೆಯಲ್ಲಿ ಕೂಡ ನಿಲ್ತದೆ, ನನ್ನಲ್ಲಿ ನಿಲ್ಲುದಿಲ್ಲ ಅಂತ, ಮಗು ಹೋದ ದಿನದಿಂದ ನಾನು ಅದೊಂದನ್ನೇ ನೆನೆಸಿಕೊಂಡು ಬಿದ್ದಿದ್ದೆ."

ಅವಳು ಅತ್ತಳು, ಮಗು ಹೋದ ಮೇಲೆ ಅದೇ ಮೊದಲ ಸಲ ಎಂದು ಮಾವ ಆಮೇಲೆ ಹೇಳಿದರು. ಕಡಲ ಕಡೆಯಿಂದ ಗಾಳಿ ಬೀಸಿ ಕಾಗದ ಜಾರಿ ಅವಳ ಪಾದಕ್ಕೆ ತಾಗಿತು. ಅಳುತ್ತಿದ್ದವಳು ಅಳುತ್ತಲೇ ಬಗ್ಗಿ, ಹುಣಸೆಯ ಕೈಯನ್ನು ಸೆರಗಿಗೆ ಒರೆಸಿ, ಬೆರಳ ತುದಿಗಳನ್ನು ಕಾಗದಕ್ಕೆ ತಾಗಿಸಿ ಎರಡು ಕಣ್ಣಿಗೂ ಒತ್ತಿಕೊಂಡಳು. ಮಾಡಿದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಅವಳು ಮುಟ್ಟಿದಲ್ಲಿಯೂ ಈಗ ಅದೇ ಮೂರು ಇದ್ದವು. ಸಿಂಪಡಿಸಿ ಅದನ್ನು ತೋರಿಸುವ ಔಷಧ ನನ್ನ ಹತ್ತಿರ ಇರಲಿಲ್ಲ.